ಮಾಜಿ ಸೈನಿಕರ ಗಣತಿ: ಜನರ ಲೆಕ್ಕ, ಮನೆಗಳ ಲೆಕ್ಕ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ 2021ರಲ್ಲಿ ಮೊದಲ ಸಲ ಒಂದು ಪ್ರಶ್ನೆ ಸೇರಿತು: ನೀವು ಹಿಂದೆ ಬ್ರಿಟನ್ನಿನ ಸಶಸ್ತ್ರ ಪಡೆಗಳಲ್ಲಿ ಸೇವೆ ಸಲ್ಲಿಸಿದ್ದೀರಾ? ಕಾಯಂ ಪಡೆ, ಮೀಸಲು ಪಡೆ, ಇಲ್ಲ ಎಂಬ ಉತ್ತರಗಳಿದ್ದವು; ಎರಡೂ ಪಡೆಗಳಲ್ಲಿ ಇದ್ದವರು ಎರಡಕ್ಕೂ ಗುರುತು ಹಾಕಬಹುದಿತ್ತು. ಇನ್ನೂ ಸೇವೆಯಲ್ಲಿರುವವರು 'ಇಲ್ಲ' ಎನ್ನಬೇಕು. ಭಾರತೀಯ ಸೇನೆಯಿಂದ ನಿವೃತ್ತರಾಗಿ ಲೆಸ್ಟರ್‌ನಲ್ಲಿ ಮಗನ ಮನೆ ಸೇರಿದ ಕೊಡಗಿನ ಸುಬೇದಾರರೊಬ್ಬರಿದ್ದರೆ ಅವರ ಉತ್ತರವೂ 'ಇಲ್ಲ' ಎಂದೇ. ಈ ಗಣತಿ ಎಣಿಸುವುದು ಬ್ರಿಟನ್ನಿನ ಪಡೆಯಲ್ಲಿ ದುಡಿದವರನ್ನು ಮಾತ್ರ.

ಫಲಿತಾಂಶದಲ್ಲಿ ಎರಡು ಅಂಕಿಗಳಿವೆ. ಮಾಜಿ ಸೈನಿಕರು ಸುಮಾರು 18.5 ಲಕ್ಷ, ಅಂದರೆ ಶೇ 3.8. ಕನಿಷ್ಠ ಒಬ್ಬ ಮಾಜಿ ಸೈನಿಕರಿರುವ ಮನೆಗಳು ಸುಮಾರು 17 ಲಕ್ಷ, ಅಂದರೆ ಶೇ 7. ನಮ್ಮಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಸಂಖ್ಯೆ ಕಡಿಮೆಯಾದರೂ ಶೇಕಡಾವಾರು ಏಕೆ ಹೆಚ್ಚಾಯಿತು? ಛೇದ ಬದಲಾಗಿದೆ. ಮೊದಲನೆಯದಕ್ಕೆ 16 ವರ್ಷ ತುಂಬಿದ ನಿವಾಸಿಗಳೆಲ್ಲರೂ ಛೇದ. ಎರಡನೆಯದಕ್ಕೆ ಸುಮಾರು 2.48 ಕೋಟಿ ಮನೆಗಳು. ಗಂಡ ಹೆಂಡತಿ ಇಬ್ಬರೂ ಮಾಜಿ ಸೈನಿಕರಾದರೆ ಜನರ ಲೆಕ್ಕದಲ್ಲಿ ಎರಡು, ಮನೆಗಳ ಲೆಕ್ಕದಲ್ಲಿ ಒಂದು. ವೃದ್ಧಾಶ್ರಮದಲ್ಲಿರುವವರು ಜನರ ಲೆಕ್ಕದಲ್ಲಿ ಸೇರುತ್ತಾರೆ, ಮನೆಗಳ ಲೆಕ್ಕದಲ್ಲಿ ಸೇರುವುದಿಲ್ಲ. ಎಲ್ಲೇ ಶೇಕಡಾವಾರು ಕಂಡರೂ ಕೂಡಲೇ 'ಯಾವುದರ ಶೇಕಡಾ?' ಎಂದು ಕೇಳಿಕೊಳ್ಳಿ.

ವಯಸ್ಸಿನ ಹಂಚಿಕೆಯನ್ನು ಬಿಡಿಸಿ ನೋಡಬೇಕು. ಈ ಮಾಜಿ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರು; 80 ಮತ್ತು ಅದಕ್ಕೂ ಮೇಲ್ಪಟ್ಟವರೇ ಸುಮಾರು ಮೂರನೇ ಒಂದು ಪಾಲು. ಕಾರಣ, ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆಗೆ ಕರೆ 1960ರವರೆಗೂ ನಡೆದಿತ್ತು. ಆಗಿನ ಕೊನೆಯ ತಂಡದ ಯುವಕರು 2021ರ ಹೊತ್ತಿಗೆ 80 ದಾಟಿದ್ದರು. ಆ ತಲೆಮಾರು ಸರಿದಂತೆ ಮುಂದಿನ ಗಣತಿಗಳಲ್ಲಿ ಈ ಸಂಖ್ಯೆ ಕುಸಿಯಲಿದೆ. ಸೇನೆಗೆ ಸೇರುವವರು ಕಡಿಮೆಯಾದರು ಎಂದು ಅದರಿಂದಲೇ ತೀರ್ಮಾನಿಸಬಾರದು.

ಸ್ಕಾಟ್ಲೆಂಡ್ ಇದೇ ಬಗೆಯ ಪ್ರಶ್ನೆಯನ್ನು 2022ರಲ್ಲಿ ಕೇಳಿತು, ಉತ್ತರ ಐರ್ಲೆಂಡ್ ಕೇಳಲಿಲ್ಲ. ಹಾಗಾಗಿ ಮೇಲಿನ ಅಂಕಿಗಳನ್ನು ಇಡೀ ಬ್ರಿಟನ್ನಿಗೆ ಅನ್ವಯಿಸಬೇಡಿ.

ನನ್ನನ್ನು ಹೆಚ್ಚು ಕಾಡುವುದು ಸೈನಿಕರ ವಿಧವೆಯರ ವಿಷಯ. ಮನೆಯಲ್ಲಿದ್ದ ಏಕೈಕ ಮಾಜಿ ಸೈನಿಕ ತೀರಿಕೊಂಡರೆ ಆ ಮನೆ ಶೇ 7ರ ಪಟ್ಟಿಯಿಂದ ಬಿದ್ದುಹೋಗುತ್ತದೆ. ಸೈನಿಕರನ್ನು ಕಳೆದುಕೊಂಡ ಕುಟುಂಬಗಳನ್ನೂ ಒಳಗೊಳ್ಳುತ್ತೇವೆ ಎಂದು ಬ್ರಿಟನ್ನಿನ ಸಶಸ್ತ್ರ ಪಡೆಗಳ ಒಡಂಬಡಿಕೆ (ಸೈನಿಕರಿಗೂ ಅವರ ಕುಟುಂಬಗಳಿಗೂ ದೇಶ ಕೊಟ್ಟ ಭರವಸೆ) ಹೇಳುತ್ತದೆ, ಗಣತಿಯ ನಮೂನೆ ಅವರನ್ನು ಕೇಳುವುದೇ ಇಲ್ಲ. ಅಮೆರಿಕ 1890ರಲ್ಲೇ ಅಂತರ್ಯುದ್ಧದಲ್ಲಿ ಒಕ್ಕೂಟದ (ಉತ್ತರದ ರಾಜ್ಯಗಳ) ಪರ ಹೋರಾಡಿದ ಸೈನಿಕರ ಜೊತೆಗೆ ಅವರ ವಿಧವೆಯರನ್ನೂ ಪ್ರತ್ಯೇಕ ನಮೂನೆಯಲ್ಲಿ ಬರೆದುಕೊಂಡಿತ್ತು: ಹುದ್ದೆ, ರೆಜಿಮೆಂಟ್, ಸೇವೆಯ ಅವಧಿ, ಅಂಚೆ ವಿಳಾಸ ಸಮೇತ. ಇಂದಿನ ನಮೂನೆಯಲ್ಲಿ ಅಂಥದೊಂದು ಸಾಲು ಇದ್ದಿದ್ದರೆ, ಯಾವ ಊರಿನಲ್ಲಿ ಇಂಥ ಎಷ್ಟು ಮನೆಗಳಿಗೆ ನೆರವು ಬೇಕಾಗಬಹುದು ಎಂದು ಸ್ಥಳೀಯ ಆಡಳಿತಗಳು ಅಂದಾಜು ಮಾಡಬಹುದಿತ್ತು.