ಬಲ್ಬ್ ಡಬ್ಬಿಯ ಎರಡು ಸಂಖ್ಯೆ, ಇಳಕಲ್ ಸೀರೆಯ ಕೆಂಪು ಸೆರಗು

ವಿಶುವಲ್ ಮರ್ಚೆಂಡೈಸಿಂಗ್, ಅಂದರೆ ಅಂಗಡಿಯಲ್ಲಿ ಮಾಲು ಜೋಡಿಸಿ ತೋರಿಸುವ ವಿದ್ಯೆಯ ಕೋರ್ಸಿನಲ್ಲಿ ಬೆಳಕಿನ ಪಾಠ ಈಗಷ್ಟೇ ಮುಗಿದಿದೆ. ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಜೋಡಣೆಯ ಭಾಗ ಸುಲಭ. ಮುಖ್ಯ ಮಾಲು ಕಣ್ಣಿನ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 4ರಿಂದ 5 ಅಡಿ ಎತ್ತರದಲ್ಲಿ ಇರಬೇಕು. ಮೂರು ವಸ್ತು ಇಟ್ಟರೆ ಒಂದು ಎತ್ತರ, ಎರಡು ತಗ್ಗು, ಆಗ ತ್ರಿಕೋನ ಬರುತ್ತದೆ. ಒಂದು ಶೋಕೇಸಿಗೆ ಕಣ್ಣು ನಿಲ್ಲುವ ಜಾಗ ಒಂದೇ. ಇಷ್ಟು ಸಾಕು, ಬೆಳಕಿಗೆ ಬರೋಣ.

ಬೆಳಗಾವಿಯ ಶಹಾಪುರ ಖಡೇಬಜಾರಿನ ಸೀರೆ ಅಂಗಡಿಗಳನ್ನು ನೋಡಿದವರಿಗೆ ಈ ಮಾತು ಗೊತ್ತಿರುತ್ತದೆ: "ಅಣ್ಣಾರ, ಒಮ್ಮೆ ಬಾಗಲದಾಗ ನೋಡ್ತೀವ್ರಿ." ಸೀರೆ ಹಿಡಿದು ಹೆಣ್ಣುಮಕ್ಕಳು ಬಿಸಿಲಿಗೆ ಬರುತ್ತಾರೆ. ಒಳಗಿನ ಬಲ್ಬನ್ನು ಅವರು ನಂಬುವುದಿಲ್ಲ. ಅದಕ್ಕೆ ಕಾರಣ ಇದೆ, ಮತ್ತು ಈ ಪಾಠದ ತಿರುಳೇ ಅದು.

ಒಳ್ಳೆಯ ಬಲ್ಬಿನ ಡಬ್ಬಿ ಮೇಲೆ ಎರಡು ಸಂಖ್ಯೆ ಇರುತ್ತವೆ. ಒಂದು ಕೆಲ್ವಿನ್, ಇನ್ನೊಂದು ಸಿಆರ್‌ಐ, ಅಂದರೆ ಕಲರ್ ರೆಂಡರಿಂಗ್ ಇಂಡೆಕ್ಸ್, ಬಲ್ಬಿನ ಕೆಳಗೆ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕ, ಹೆಚ್ಚೆಂದರೆ 100. ಕೆಲ್ವಿನ್ ಹೇಳುವುದು ಬೆಳಕಿನ ಬಣ್ಣವನ್ನು. 2700 ಹಳದಿ, 4000 ಸಾದಾ ಬಿಳಿ, 6500 ನೀಲಿ ಬೆರೆತ ಬಿಳಿ. ಸಂಖ್ಯೆ ಏರಿದಂತೆ ಬೆಳಕು 'ಕೂಲ್' ಆಗುತ್ತದೆ ಅನ್ನುವುದು ಉಲ್ಟಾ ಅನಿಸುತ್ತದೆ, ಅಲ್ವಾ? ಲೋಹ ಕಾಯುವುದನ್ನು ನೆನೆಸಿಕೊಳ್ಳಿ. ಮೊದಲು ಕೆಂಪಗೆ, ಆಮೇಲೆ ಹಳದಿ, ಆಮೇಲೆ ಬಿಳಿ. ಬಿಸಿ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆ ಸರಿಯುತ್ತದೆ. ಕೆಲ್ವಿನ್ ಲೆಕ್ಕ ಅಲ್ಲಿಂದಲೇ ಬಂದದ್ದು.

ಈಗ ನನಗೆ ಬಹಳ ಹೊತ್ತು ಹಿಡಿದ ಜಾಗ. ಹಳದಿ ಬೆಳಕಿನಲ್ಲಿ ಬಣ್ಣ ಸುಳ್ಳು, ಬಿಳಿ ಬೆಳಕಿನಲ್ಲಿ ಬಣ್ಣ ನಿಜ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಹಳೇ ಕಾಲದ ತಂತಿ ಬಲ್ಬ್ ಹಳದಿ ಬೆಳಕು ಕೊಡುತ್ತಿತ್ತು. ಅದರ ಸಿಆರ್‌ಐ ಮಾತ್ರ ಹತ್ತಿರಹತ್ತಿರ 100. ಅದು ಹೇಗೆ?

ಸಿಆರ್‌ಐ ಬೆಳಕು ಎಷ್ಟು ಬಿಳಿ ಇದೆ ಅಂತ ನೋಡುವುದೇ ಇಲ್ಲ. ಬಲ್ಬಿನದೇ ಕೆಲ್ವಿನ್ ಇರುವ ಒಂದು ಮಾದರಿ ಬೆಳಕನ್ನು ತೆಗೆದುಕೊಳ್ಳುತ್ತದೆ. 5000 ಕೆಲ್ವಿನ್‌ಗಿಂತ ಕೆಳಗಿದ್ದರೆ ಕಾದ ವಸ್ತುವಿನ ಬೆಳಕು ಮಾದರಿ. 5000 ಮತ್ತು ಮೇಲಿದ್ದರೆ ಹಗಲು ಬೆಳಕು ಮಾದರಿ. ಮಾದರಿಯ ಕೆಳಗೆ ಬಣ್ಣಗಳು ಹೇಗೆ ಕಾಣುತ್ತವೆ, ಬಲ್ಬಿನ ಕೆಳಗೆ ಹೇಗೆ ಕಾಣುತ್ತವೆ, ಇವೆರಡರ ನಡುವಿನ ವ್ಯತ್ಯಾಸವೇ ಲೆಕ್ಕ. ತಂತಿ ಬಲ್ಬ್ ಅಂದರೆ ಕಾದ ತಂತಿ. ಮಾದರಿಯೂ ಕಾದ ವಸ್ತು. ಹಾಗಾಗಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎಲ್‌ಇಡಿ ಕಥೆ ಬೇರೆ. ಬಿಳಿ ಎಲ್‌ಇಡಿಯ ಒಳಗೆ ಸಾಮಾನ್ಯವಾಗಿ ನೀಲಿ ಚಿಪ್ ಇರುತ್ತದೆ, ಅದರ ಮೇಲೆ ಹಳದಿ ಲೇಪ. ಎರಡೂ ಬೆರೆತು ಕಣ್ಣಿಗೆ ಬಿಳಿ. ಅಗ್ಗದ ಬಲ್ಬಿನ ಬೆಳಕಿನಲ್ಲಿ ಗಾಢ ಕೆಂಪು ತೀರಾ ಕಡಿಮೆ. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ತಿರುಗಿಸಿ ಕಳಿಸುತ್ತದೆ. ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ಇಳಕಲ್ ಸೀರೆಯ ಕೆಂಪು ಸೆರಗು ಏನನ್ನು ಕಳಿಸಬೇಕು? ಮಾಸಿದ ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ. ನೇಕಾರ ಮಾಡಿದ ಕೆಲಸವೆಲ್ಲ ಬಲ್ಬಿನ ಕೆಳಗೆ ಸಾಯುತ್ತದೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವ ವಿಷಯ ಇದು.

ಇನ್ನೊಂದು ಸೂಕ್ಷ್ಮ ಇದೆ. ಡಬ್ಬಿ ಮೇಲಿನ ಸಿಆರ್‌ಐ 8 ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಒಂಬತ್ತನೆಯದು, ಆ ಸರಾಸರಿಯಲ್ಲಿ ಸೇರುವುದಿಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕ. ಸಿಆರ್‌ಐ 80 ಇರುವ ಬಲ್ಬಿನ ಆರ್9 ಸೊನ್ನೆಯ ಹತ್ತಿರ ಇರಬಹುದು, ಸೊನ್ನೆಗಿಂತ ಕೆಳಗೂ ಇಳಿಯಬಹುದು. ಸೀರೆ ಅಂಗಡಿಗೆ ಸಿಆರ್‌ಐ 90ರ ಮೇಲೆ, ಆರ್9 50ರ ಮೇಲೆ ಇರುವುದನ್ನೇ ಕೇಳಿ.

ನಾನು ನೆನಪಿಟ್ಟುಕೊಂಡ ಸೂತ್ರ: ಬಿಳಿ ಹಾಳೆ ಕೆಲ್ವಿನ್ ಹೇಳುತ್ತದೆ, ಕೆಂಪು ಬಟ್ಟೆ ಸಿಆರ್‌ಐ ಹೇಳುತ್ತದೆ. 4000 ಕೆಲ್ವಿನ್‌ನ ಎರಡು ಬಲ್ಬ್ ತನ್ನಿ, ಒಂದು ಸಿಆರ್‌ಐ 80, ಇನ್ನೊಂದು 90ರ ಮೇಲಿನದು. ಎರಡರ ಕೆಳಗೂ ಬಿಳಿ ಹಾಳೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಕೆಂಪು ಸೆರಗು ಹಿಡಿಯಿರಿ, ವ್ಯತ್ಯಾಸ ಎದ್ದು ಕಾಣುತ್ತದೆ. ಕೆಲ್ವಿನ್ ನಮ್ಮ ಇಷ್ಟಕ್ಕೆ ಬಿಟ್ಟದ್ದು. ಜರಿಗೆ 3000 ಚಂದ, ಬಿಳಿ ಮತ್ತು ನೀಲಿಗೆ 4000. ಸಿಆರ್‌ಐ ವಿಷಯದಲ್ಲಿ ಮಾತ್ರ ರಾಜಿ ಬೇಡ.

ಇದೇ ದಾರಿಯಲ್ಲಿ ಮೆಟಮೆರಿಸಂ ಕೂಡ ಅರ್ಥವಾಗುತ್ತದೆ. ಸೀರೆಗೆ ಗುಳೇದಗುಡ್ಡದ ಖಣ ಜೋಡಿಸಿ ಗೊಂಬೆಗೆ ಉಡಿಸುತ್ತೀರಿ. ಒಳಗೆ ಎರಡೂ ಒಂದೇ ಹಸಿರು. ಹೊರಗೆ ತಂದರೆ ಒಂದು ಹಸಿರು, ಒಂದು ನೀಲಿಯ ಕಡೆ. ಬಣ್ಣ ಹಾಕಿದ ಸಾಮಗ್ರಿ ಬೇರೆಬೇರೆಯಾದರೆ ಒಂದು ಬೆಳಕಿನಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕೂಡದೆ ಹೋಗಬಹುದು. ಜೋಡಿ ಮಾಡುವ ಮೊದಲು ಬಲ್ಬಿನ ಕೆಳಗೂ ಬಾಗಿಲಲ್ಲೂ ನೋಡುವುದು ಅದಕ್ಕೇ.

ಫೋಕಸ್ ಲೈಟಿನ ಲೆಕ್ಕ ಬೇಗ ಮುಗಿಯುತ್ತದೆ. ಬೀಮ್, ಅಂದರೆ ಬೆಳಕು ಹರಡುವ ಕೋನ, 24 ಡಿಗ್ರಿ ಇದ್ದರೆ 2 ಮೀಟರ್ ದೂರದಲ್ಲಿ ಸುಮಾರು 85 ಸೆಂಟಿಮೀಟರ್ ಅಗಲದ ಬೆಳಕಿನ ವೃತ್ತ. 36 ಡಿಗ್ರಿಗೆ 1.3 ಮೀಟರ್. ದೂರ ಎರಡು ಪಟ್ಟಾದರೆ ಬೆಳಕಿನ ತೀವ್ರತೆ ಕಾಲು ಭಾಗ. ಲೈಟನ್ನು ನೇರ ಕೆಳಗೆ ಬಿಡದೆ ಸುಮಾರು 30 ಡಿಗ್ರಿ ಓರೆ ಮಾಡಿದರೆ ಗೊಂಬೆಯ ಮುಖದ ಮೇಲೆ ನೆರಳು ಕಡಿಮೆ, ಗಿರಾಕಿಯ ಕಣ್ಣಿಗೂ ಹೊಡೆಯುವುದಿಲ್ಲ.

ಕೊನೆಗೆ ರಸ್ತೆಗೆ ಮುಖ ಮಾಡಿದ ಗಾಜು. ಹಗಲಲ್ಲಿ ಹೊರಗೆ ಬೆಳಕು ಜಾಸ್ತಿ, ಒಳಗೆ ಕಡಿಮೆ. ಗಾಜಿನಲ್ಲಿ ಸೀರೆಯ ಬದಲು ಬೀದಿಯೇ ಕಾಣುತ್ತದೆ. ಕರೆಂಟ್ ಉಳಿಸಲು ಸುಮ್ನೆ ಹಗಲು ಲೈಟ್ ಆರಿಸಿದರೆ ಇನ್ನೂ ಕೆಟ್ಟದು. ಹಿಂದಿನ ಪರದೆ ತಿಳಿ ಬಣ್ಣದ್ದಿರಲಿ, ಲೈಟ್ ಹಗಲೂ ಉರಿಯಲಿ. ಬಿಸಿಲು ನೇರ ಬೀಳುವ ಗಾಜಿನ ಹಿಂದೆ ಒಂದೇ ಸೀರೆಯನ್ನು ಬಹಳ ದಿನ ಇಡಬೇಡಿ. ಮಡಿಚಿಟ್ಟ ಸೀರೆಯಾದರೆ ಹೊರಗೆ ಕಂಡ ಭಾಗ ಮಾತ್ರ ಮಾಸಿ, ಬಿಚ್ಚಿದಾಗ ಮಡಿಕೆಯ ಗೆರೆ ಉಳಿದಿರುತ್ತದೆ. ಆ ಸೀರೆ ಪೂರ್ತಿ ಬೆಲೆಗೆ ಹೋಗುವುದಿಲ್ಲ.