ತಾಲೂಕಿಗೆ ಅಂಕ ಕೊಡುವ ಲೆಕ್ಕ: ಕಲಬುರಗಿ, ಬೀದರ್, ಯಾದಗಿರಿಯ ಪಾಲು ನಿರ್ಧಾರವಾಗುವ ಬಗೆ

ಬಜೆಟ್ ಹತ್ತಿರ ಬಂತೆಂದರೆ ಕಲಬುರಗಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈ ಸಲ ಎಷ್ಟು ಕೋಟಿ? ಕೆಲವು ವರ್ಷ 1,500 ಕೋಟಿ ರೂಪಾಯಿ ಆಸುಪಾಸಿನಲ್ಲಿದ್ದ ಅನುದಾನ 2022-23ರಲ್ಲಿ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಏರಿಕೆಗೆ ಚಪ್ಪಾಳೆ ಬಿತ್ತು, ಸಾಲದು ಎಂಬ ಟೀಕೆಯೂ ಬಂತು. ಆದರೆ ಆ ಮೊತ್ತದಲ್ಲಿ ಔರಾದಿಗೆ ಎಷ್ಟು, ಜೇವರ್ಗಿಗೆ ಎಷ್ಟು, ಸುರಪುರಕ್ಕೆ ಎಷ್ಟು ಎಂದು ತೀರ್ಮಾನಿಸುವ ಲೆಕ್ಕ ಮಾತ್ರ ಕಡತದೊಳಗೇ ಉಳಿದುಬಿಡುತ್ತದೆ. ಹಳ್ಳಿಗಳಲ್ಲಿ ಜನ "ರೊಕ್ಕ ಬಂದದ ಅಂತಾರ, ಊರಾಗ ಏನೂ ಕಾಣವಲ್ದು" ಅನ್ನುವಾಗ ಬೆರಳು ಗುತ್ತಿಗೆದಾರರ ಕಡೆಗೋ ಅಧಿಕಾರಿಗಳ ಕಡೆಗೋ ಹೋಗುತ್ತದೆ. ಗುತ್ತಿಗೆಗೂ ಮುಂಚೆ, ಕ್ರಿಯಾ ಯೋಜನೆಗೂ ಮುಂಚೆ, ಒಂದು ಕೋಷ್ಟಕದಲ್ಲಿ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಆ ಕೋಷ್ಟಕ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಈಗಿನ ಗೊಂದಲ ಅರ್ಥವಾಗುವುದಿಲ್ಲ.

ಹಳೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆ, ಆಮೇಲೆ ಹೈದರಾಬಾದ್ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಏಕೀಕರಣದ ಹೊತ್ತಿಗೆ ಶಾಲೆ, ರಸ್ತೆ, ನೀರಾವರಿ ಯಾವುದರಲ್ಲೂ ಈ ಭಾಗ ಹಳೆ ಮೈಸೂರಿಗೆ ಸಮ ಇರಲಿಲ್ಲ. ಆ ಅಂತರ ತುಂಬಲು ಪ್ರತ್ಯೇಕ ಲೆಕ್ಕ ಬೇಕು ಎಂಬ ಒತ್ತಾಯ ದಶಕಗಟ್ಟಲೆ ನಡೆದ ಮೇಲೆ 1990ರ ದಶಕದ ಆರಂಭದಲ್ಲಿ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿ ಹುಟ್ಟಿತು. ಮಂಡಳಿ ಇತ್ತು, ಕಚೇರಿ ಇತ್ತು. ಯಾವ ತಾಲೂಕು ಎಷ್ಟು ಹಿಂದೆ ಬಿದ್ದಿದೆ ಎಂದು ಅಳೆದು ಹೇಳುವ ಒಪ್ಪಿತ ಅಳತೆಗೋಲು ಇರಲಿಲ್ಲ.

ಹಲವು ಮಾನದಂಡ ಸೇರಿಸಿ ಹಣ ಹಂಚುವ ಪದ್ಧತಿ ದೇಶಕ್ಕೆ ಹೊಸದೇನಲ್ಲ. 1969ರ ಗಾಡ್ಗೀಳ್ ಸೂತ್ರದಲ್ಲಿ ರಾಜ್ಯಗಳಿಗೆ ಕೇಂದ್ರದ ಯೋಜನಾ ನೆರವು ಹಂಚುವಾಗ ಜನಸಂಖ್ಯೆಗೆ ಶೇ 60, ತಲಾ ಆದಾಯ, ತೆರಿಗೆ ಸಂಗ್ರಹದ ಪ್ರಯತ್ನ, ನಡೆಯುತ್ತಿದ್ದ ನೀರಾವರಿ ಮತ್ತು ವಿದ್ಯುತ್ ಯೋಜನೆಗಳು, ವಿಶೇಷ ಸಮಸ್ಯೆ, ಇವಕ್ಕೆ ತಲಾ ಶೇ 10 ತೂಕ ಕೊಟ್ಟಿದ್ದರು. ತಲಾ ಆದಾಯಕ್ಕೆ ಹತ್ತೇ ಏಕೆ, ಇಪ್ಪತ್ತು ಏಕಲ್ಲ ಎಂದು ಬಡ ರಾಜ್ಯಗಳು ಕೇಳಿದವು, ಮುಂದೆ ಸೂತ್ರ ಬದಲಾಗುತ್ತಲೂ ಹೋಯಿತು. ರಾಜ್ಯಗಳು ದೆಹಲಿಯಲ್ಲಿ ಕೇಳಿದ ಆ ಪ್ರಶ್ನೆಯನ್ನು ತಾಲೂಕುಗಳು ಬೆಂಗಳೂರಿನಲ್ಲಿ ಕೇಳಲು ಇನ್ನೂ ಮೂರು ದಶಕ ಹಿಡಿಯಿತು.

ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯಲ್ಲಿ 2000ರಲ್ಲಿ ರಚನೆಯಾದ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ. ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಘಟಕವಾಗಿ ಹಿಡಿಯಿತು. ಇದು ದೊಡ್ಡ ಹೆಜ್ಜೆ. ಜಿಲ್ಲೆಯ ಸರಾಸರಿಯಲ್ಲಿ ಕಲಬುರಗಿ ನಗರದ ಆಸ್ಪತ್ರೆ, ಕಾಲೇಜುಗಳು ಚಿಂಚೋಳಿಯ ಲೆಕ್ಕಕ್ಕೂ ಸೇರಿಬಿಡುತ್ತಿದ್ದವು. ತಾಲೂಕಿಗೆ ಇಳಿದ ಮೇಲೆ ಆ ಮರೆ ಹೋಯಿತು. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ, ಜನಸಂಖ್ಯೆಯ ಲಕ್ಷಣಗಳು, ಹೀಗೆ ವಿಂಗಡಿಸಿದ ಒಟ್ಟು 35 ಸೂಚಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲೂಕಿಗೆ ಒಂದು ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕ ಕಟ್ಟಿದರು. ರಾಜ್ಯದ ಸರಾಸರಿ 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದವು ಹಿಂದುಳಿದವು: 0.89ರಿಂದ 0.99 ಹಿಂದುಳಿದ, 0.80ರಿಂದ 0.88 ಹೆಚ್ಚು ಹಿಂದುಳಿದ, 0.79 ಮತ್ತು ಅದಕ್ಕಿಂತ ಕೆಳಗೆ ಅತ್ಯಂತ ಹಿಂದುಳಿದ. ಆಗಿನ 175 ತಾಲೂಕುಗಳಲ್ಲಿ 114 ಈ ಪಟ್ಟಿಗೆ ಬಂದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವೇ.

ಇಷ್ಟಕ್ಕೇ ನಿಲ್ಲದೆ, 1ಕ್ಕೆ ಎಷ್ಟು ಕಡಿಮೆ ಬಿದ್ದಿದೆಯೋ ಅದನ್ನು ಆ ತಾಲೂಕಿನ ಕೊರತೆ ಎಂದು ಹಿಡಿದು, ಕೊರತೆಗಳನ್ನು ಕೂಡಿಸಿ, ವಿಭಾಗವಾರು ಪಾಲು ಕಂಡುಕೊಂಡರು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ. ಅದರಲ್ಲಿ ಶೇ 60 ಉತ್ತರ ಕರ್ನಾಟಕಕ್ಕೆ, ಶೇ 40 ದಕ್ಷಿಣಕ್ಕೆ. ಅನಿಸಿಕೆಯ ಮಟ್ಟದಲ್ಲಿದ್ದ ಅನ್ಯಾಯದ ಮಾತಿಗೆ ಮೊದಲ ಸಲ ಅಂಕಿಯ ಬೆನ್ನೆಲುಬು ಸಿಕ್ಕಿತು. ಈ ಭಾಗದವರು ಆ ವರದಿಯನ್ನು ಇವತ್ತಿಗೂ ಗೌರವದಿಂದ ನೆನೆಯುವುದು ಇದಕ್ಕೇ, ಮತ್ತು ಆ ಗೌರವ ನ್ಯಾಯವಾದದ್ದೇ.

ಆದರೆ ಹಲವು ಸೂಚಕಗಳನ್ನು ಒಂದೇ ಅಂಕಿಯಾಗಿ ಕರಗಿಸುವಾಗ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಎರಡು ತಾಲೂಕು, ಮೂರು ಸೂಚಕ ಎಂದು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಹೆದ್ದಾರಿ ಹಾದುಹೋಗಿದೆ: ರಸ್ತೆ 1.20, ಶಾಲೆ 0.60, ಆಸ್ಪತ್ರೆ 0.90. ಎರಡನೆಯದರಲ್ಲಿ ಎಲ್ಲವೂ ಸುಮಾರು: ರಸ್ತೆ 0.85, ಶಾಲೆ 0.90, ಆಸ್ಪತ್ರೆ 0.80. ಮೂರಕ್ಕೂ ಸಮಾನ ತೂಕ ಕೊಟ್ಟರೆ ಮೊದಲನೆಯದಕ್ಕೆ 0.90, ಎರಡನೆಯದಕ್ಕೆ 0.85 ಬರುತ್ತದೆ. ಅಂದರೆ ಮೊದಲನೆಯದು ಬರೀ ಹಿಂದುಳಿದದ್ದು, ಎರಡನೆಯದು ಹೆಚ್ಚು ಹಿಂದುಳಿದದ್ದು. ಈಗ ಶಾಲೆಗೆ ಶೇ 50, ಆಸ್ಪತ್ರೆಗೆ ಶೇ 30, ರಸ್ತೆಗೆ ಶೇ 20 ತೂಕ ಕೊಡಿ. ಮೊದಲನೆಯದು 0.81ಕ್ಕೆ ಕುಸಿಯುತ್ತದೆ, ಎರಡನೆಯದು 0.86ಕ್ಕೆ ನಿಲ್ಲುತ್ತದೆ. ಎರಡೂ ಒಂದೇ ವರ್ಗಕ್ಕೆ ಬಂದವು, ಮೊದಲನೆಯದೇ ಇನ್ನೂ ಕೆಳಗೆ. ಕೊರತೆಯ ಪ್ರಮಾಣದಲ್ಲಿ 100 ರೂಪಾಯಿ ಹಂಚಿದರೆ ಮೊದಲ ಲೆಕ್ಕದಲ್ಲಿ 40 ಮತ್ತು 60. ಎರಡನೆಯ ಲೆಕ್ಕದಲ್ಲಿ ಸುಮಾರು 58 ಮತ್ತು 42. ನೆಲದ ಮೇಲೆ ಒಂದು ಶಾಲೆಯೂ ಹೆಚ್ಚಾಗಿಲ್ಲ, ಒಂದು ರಸ್ತೆಯೂ ಕಡಿಮೆಯಾಗಿಲ್ಲ. ಬದಲಾದದ್ದು ತೂಕ ಮಾತ್ರ.

ಇನ್ನೊಂದು ತೊಡಕಿದೆ. ಕೂಡಿಸಿ ಸರಾಸರಿ ತೆಗೆಯುವ ಲೆಕ್ಕದಲ್ಲಿ ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕೊರತೆಯನ್ನು ಮುಚ್ಚುತ್ತದೆ. ಸೇಡಂ, ಚಿತ್ತಾಪುರ ಭಾಗದಲ್ಲಿ ಸುಣ್ಣದಕಲ್ಲಿನಿಂದಾಗಿ ಸಿಮೆಂಟ್ ಕಾರ್ಖಾನೆಗಳು ಬಂದವು. ಕೈಗಾರಿಕೆಯ ಕಾಲಂನಲ್ಲಿ ಅಂಕ ಏರುತ್ತದೆ. ಅದೇ ತಾಲೂಕಿನ ತಾಂಡಾದಲ್ಲಿ ಏಳನೇ ತರಗತಿಗೆ ಶಾಲೆ ಬಿಡುವ ಹುಡುಗಿಗೆ ಆ ಅಂಕದಿಂದ ಏನೂ ಸಿಗುವುದಿಲ್ಲ, ಆದರೆ ಅವಳ ಕೊರತೆಯ ಮೇಲೆ ಅದು ಮುಸುಕು ಹಾಕುತ್ತದೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಸುರಪುರ, ಶಹಾಪುರದ ಕಡೆಯೂ ಹೀಗೆಯೇ. ನೀರಾವರಿಯ ಕಾಲಂ ತುಂಬುತ್ತದೆ. ಕಾಲುವೆ ತಲುಪದ ಊರುಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳು ಅದೇ ತಾಲೂಕಿನಲ್ಲೇ ಇರುತ್ತವೆ.

ಜಗತ್ತಿನಲ್ಲಿ ಈ ತೊಡಕಿಗೆ ಉತ್ತರ ಹುಡುಕಿದವರಿದ್ದಾರೆ. 1960ರ ದಶಕದಲ್ಲಿ ಫ್ರಾನ್ಸಿನ ಬರ್ನಾರ್ಡ್ ರಾಯ್ ರೂಪಿಸಿದ, ಹಲವು ಮಾನದಂಡ ತೂಗಿ ಆಯ್ಕೆ ಮಾಡುವ ಎಲೆಕ್ಟ್ರ್ ವಿಧಾನದ ಸಾಲಿನಲ್ಲಿ ವೀಟೊ ಮಿತಿ ಎಂಬುದು ಬಂತು: ಯಾವುದಾದರೂ ಒಂದು ಮಾನದಂಡದಲ್ಲಿ ಅಂತರ ಮಿತಿ ಮೀರಿದರೆ ಉಳಿದವು ಎಷ್ಟೇ ಚೆನ್ನಾಗಿದ್ದರೂ ಅದನ್ನು ಸರಿದೂಗಿಸಲು ಬಿಡುವುದಿಲ್ಲ. 1970ರ ದಶಕದಲ್ಲಿ ಥಾಮಸ್ ಸಾಟಿ ರೂಪಿಸಿದ ವಿಧಾನದಲ್ಲಿ ಮಾನದಂಡಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು, ಯಾವುದು ಎಷ್ಟು ಮುಖ್ಯ ಎಂದು 1ರಿಂದ 9ರ ಅಳತೆಯಲ್ಲಿ ಕೇಳುತ್ತಾರೆ. ಅಲ್ಲಿ ತೂಕ ಯಾರ ಬಾಯಿಂದ ಬಂತು ಎಂಬುದು ದಾಖಲಾಗುತ್ತದೆ, ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದೂ ಗೊತ್ತಾಗುತ್ತದೆ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಕೂಡ 2010ರಲ್ಲಿ ಕೂಡಿಸುವ ಸರಾಸರಿಯನ್ನು ಬಿಟ್ಟು ಗುಣಿಸಿ ಮೂಲ ತೆಗೆಯುವ ಸರಾಸರಿಗೆ ಬದಲಾಯಿತು. ಮೇಲಿನ ಉದಾಹರಣೆಗೆ ಇದನ್ನು ಹಚ್ಚಿದರೆ, ಸಮಾನ ತೂಕವೇ ಇದ್ದರೂ ಹೆದ್ದಾರಿಯ ತಾಲೂಕು 0.90ರಿಂದ 0.87ಕ್ಕೆ ಇಳಿಯುತ್ತದೆ, ಇನ್ನೊಂದು 0.85ರಲ್ಲೇ ಉಳಿಯುತ್ತದೆ. ಒಂದೇ ಕಡೆ ಉಬ್ಬಿದ ಅಭಿವೃದ್ಧಿಗೆ ಲೆಕ್ಕವೇ ದಂಡ ಹಾಕುತ್ತದೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಕೋಷ್ಟಕದ ಒಂದು ಸೂತ್ರ ಬದಲಿಸಿದರೆ ಸಾಕು.

ಮತ್ತೆ ನಮ್ಮ ಕಡೆಗೆ. ವಿಶೇಷ ಅಭಿವೃದ್ಧಿ ಯೋಜನೆ 2007-08ರಿಂದ ಜಾರಿಗೆ ಬಂತು. ಹಂಚಿಕೆಯಾದಷ್ಟು ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದಷ್ಟು ಖರ್ಚಾಗಲಿಲ್ಲ. 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, 2013ರಲ್ಲಿ ಜಾರಿಯಾಯಿತು, ಅದರಡಿ ಹೊಸ ಮಂಡಳಿ ಕಲಬುರಗಿಯಲ್ಲಿ ಕಚೇರಿ ತೆರೆಯಿತು. ಮಂಡಳಿಯೂ ತಾಲೂಕುವಾರು ಹಂಚಿಕೆಗೆ ನಂಜುಂಡಪ್ಪ ಸೂಚ್ಯಂಕವನ್ನೇ ಆಧಾರ ಮಾಡಿಕೊಂಡಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾಯಿತು, ಅನುದಾನ ಬದಲಾಯಿತು, 2002ಕ್ಕೂ ಹಿಂದಿನ ಅಂಕಿಗಳಿಂದ ಕಟ್ಟಿದ ಅಳತೆಗೋಲು ಹಾಗೆಯೇ ಉಳಿಯಿತು.

ಈ ನಡುವೆ ಯಾದಗಿರಿಗೆ ಇನ್ನೊಂದು ಅಳತೆಗೋಲು ಬಂತು. 2018ರ ಜನವರಿಯಲ್ಲಿ ಶುರುವಾದ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಆಯ್ಕೆಯಾದವು. ಅಲ್ಲಿ 49 ಸೂಚಕಗಳು. ಆರೋಗ್ಯ ಮತ್ತು ಪೌಷ್ಟಿಕತೆಗೆ ಶೇ 30, ಶಿಕ್ಷಣಕ್ಕೆ ಶೇ 30, ಕೃಷಿ ಮತ್ತು ಜಲಸಂಪನ್ಮೂಲಕ್ಕೆ ಶೇ 20, ಹಣಕಾಸು ಸೇರ್ಪಡೆ ಮತ್ತು ಕೌಶಲಕ್ಕೆ ಸೇರಿ ಶೇ 10, ಮೂಲಸೌಕರ್ಯಕ್ಕೆ ಶೇ 10. ತೂಕದ ಪಟ್ಟಿ ಬಹಿರಂಗವಾಗಿದೆ, ಯಾರು ಬೇಕಾದರೂ ಓದಬಹುದು. ಹತ್ತರಲ್ಲಿ ಆರು ಪಾಲು ಮಕ್ಕಳು, ತಾಯಂದಿರು, ಶಾಲೆಗಳ ಕಡೆಗಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು ಶೇ 51.83, ರಾಜ್ಯದಲ್ಲೇ ಕಡಿಮೆ. ಕಲಬುರಗಿ ಶೇ 64.85, ಬೀದರ್ ಶೇ 70.51. ಇಂಥ ಜಿಲ್ಲೆಗೆ ಈ ತೂಕ ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಜಿಲ್ಲಾಡಳಿತದ ಮೇಜಿನ ಮೇಲೆ ಈಗ ಎರಡು ಅಳತೆಗಳಿವೆ. ಒಂದು ತಿಂಗಳು ತಿಂಗಳು ಎಷ್ಟು ಸುಧಾರಿಸಿತು ಎಂದು ಕೇಳುತ್ತದೆ, ಇನ್ನೊಂದು ಎರಡು ದಶಕದ ಹಿಂದೆ ಎಷ್ಟು ಹಿಂದಿತ್ತು ಎಂಬುದರ ಮೇಲೆ ಹಣ ಕೊಡುತ್ತದೆ. ಎರಡರ ತೂಕವೂ ಒಂದಲ್ಲ.

ಮಾನದಂಡದ ಆಯ್ಕೆಯೇ ಒಂದು ಊರಿನ ಭವಿಷ್ಯ ತೀರ್ಮಾನಿಸುತ್ತದೆ ಎಂಬುದಕ್ಕೆ ಬೀದರ್-ಕಲಬುರಗಿ ರೈಲು ಮಾರ್ಗಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗಕ್ಕೆ 1997-98ರಲ್ಲಿ ಮಂಜೂರಾತಿ ಸಿಕ್ಕಿತು. ಪೂರ್ತಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಹೊಸ ಮಾರ್ಗಗಳನ್ನು ರೈಲ್ವೆ ಬಹುಕಾಲ ಅಳೆದದ್ದು ಹೂಡಿಕೆಗೆ ಬರುವ ಪ್ರತಿಫಲದ ದರದಲ್ಲಿ. ಆಗಲೇ ಸರಕು, ಪ್ರಯಾಣಿಕರು ತುಂಬಿದ ಕಡೆ ಆ ದರ ಚೆನ್ನಾಗಿ ಕಾಣುತ್ತದೆ. ರೈಲೇ ಇಲ್ಲದ ಹುಮನಾಬಾದ್, ಕಮಲಾಪುರದ ಕಡೆ ಪ್ರಯಾಣಿಕರ ಲೆಕ್ಕ ಎಲ್ಲಿಂದ ತರಬೇಕು? ದೊಡ್ಡ ಶಿಕ್ಷಣ ಸಂಸ್ಥೆ, ಆಸ್ಪತ್ರೆಗಳಿಗೆ ಜಾಗ ಗುರುತಿಸುವಾಗಲೂ ಸಂಪರ್ಕ, ವಸತಿ, ಸೌಕರ್ಯ ಎಂಬ ಕಾಲಂಗಳಿಗೆ ಹೆಚ್ಚು ತೂಕ ಬಿದ್ದರೆ ಇದ್ದವರಿಗೇ ಮತ್ತೆ ಅಂಕ. ನಂಜುಂಡಪ್ಪ ವರದಿ ರಾಯಚೂರಿಗೆ ಶಿಫಾರಸು ಮಾಡಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ಆರಂಭವಾದಾಗ ಈ ಭಾಗದಲ್ಲಿ ಎದ್ದ ನೋವು ಕೇವಲ ಭಾವುಕತೆಯಲ್ಲ. ಹಿಂದುಳಿದಿರುವುದೇ ಒಂದು ಮಾನದಂಡವಾಗಿ ಆ ಕೋಷ್ಟಕದಲ್ಲಿ ಎಷ್ಟು ತೂಗಿತು ಎಂಬ ಪ್ರಶ್ನೆ ಅದರೊಳಗಿತ್ತು.

2024ರಲ್ಲಿ ರಾಜ್ಯ ಸರ್ಕಾರ ಪ್ರಾದೇಶಿಕ ಅಸಮತೋಲನದ ಹೊಸ ಅಧ್ಯಯನಕ್ಕೆ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಹೊಸ ಲೆಕ್ಕ ಕಟ್ಟುವ ಯಾರಿಗಾದರೂ ಮೊದಲು ಎದುರಾಗುವುದು ತಾಲೂಕುಗಳ ಸಂಖ್ಯೆ. 175 ಇದ್ದದ್ದು ಈಗ 230 ದಾಟಿದೆ. ಯಡ್ರಾಮಿ, ಕಾಳಗಿ, ಕಮಲಾಪುರ, ಶಹಾಬಾದ್, ಹುಣಸಗಿ, ವಡಗೇರಾ, ಗುರುಮಠಕಲ್, ಚಿಟಗುಪ್ಪ, ಹುಲಸೂರು, ಕಮಲನಗರ, ಇವೆಲ್ಲ 2002ರ ಪಟ್ಟಿಯಲ್ಲಿ ಇರಲೇ ಇಲ್ಲ. ತಾಯಿ ತಾಲೂಕಿನ ಹಳೆಯ ಅಂಕವನ್ನೇ ಇವಕ್ಕೂ ಅಂಟಿಸಿದರೆ, ಯಾವ ಕಾರಣಕ್ಕೆ ಜಿಲ್ಲೆಯ ಸರಾಸರಿ ಬಿಟ್ಟು ತಾಲೂಕಿಗೆ ಇಳಿದರೋ ಅದೇ ಮಸುಕು ಮತ್ತೆ ಬಂದಂತೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನದು 2027ಕ್ಕೆ ನಿಗದಿಯಾಗಿದೆ. ಈ ತಾಲೂಕುಗಳಿಗೆ ತಮ್ಮದೇ ಜನಗಣತಿ ಅಂಕಿ ಸಿಗುವುದು ಆಗಲೇ.

ತೂಕದ ಪಟ್ಟಿಯನ್ನು ಜನರ ಮುಂದಿಟ್ಟು ಚರ್ಚಿಸಬೇಕಾದ ಹೊತ್ತು ಆ ಅಂಕಿಗಳು ಬರುವುದಕ್ಕೂ ಮುಂಚಿನದು. ಸಾಕ್ಷರತೆ ಇಂತಿಷ್ಟಕ್ಕಿಂತ ಕೆಳಗಿದ್ದರೆ ಬೇರಾವ ಅಂಕವೂ ಅದನ್ನು ಸರಿದೂಗಿಸಬಾರದು ಎಂಬ ವೀಟೊ ಬೇಕೇ, ತಾಯಿ ಮರಣಕ್ಕೆ ಎಷ್ಟು ತೂಕ, ರಸ್ತೆಗೆ ಎಷ್ಟು, ಇದನ್ನು ಗ್ರಾಮ ಪಂಚಾಯಿತಿಯಿಂದ ವಿಧಾನಸಭೆಯವರೆಗೆ ಕೇಳಬಹುದು. ಅಂಕಿ ಕೈಗೆ ಬಂದ ಮೇಲೆ ಯಡ್ರಾಮಿಯವರು ತಮ್ಮಲ್ಲಿ ಇಲ್ಲದ ರಸ್ತೆಗೆ ಹೆಚ್ಚು ತೂಕ ಕೇಳುತ್ತಾರೆ, ವಡಗೇರಾದವರು ಶಾಲೆಗೆ ಕೇಳುತ್ತಾರೆ, ಹುಲಸೂರಿನವರು ಆಸ್ಪತ್ರೆಗೆ ಕೇಳುತ್ತಾರೆ. ಆಗ ತೀರ್ಮಾನ ಮತ್ತೆ ಕಡತದೊಳಗೇ ಆಗುತ್ತದೆ.