ನೋಡ್ ಎಲ್ಲಿದೆ? ಕೂಗಳತೆಯ ಲೆಕ್ಕದಿಂದ ನ್ಯಾನೊಸೆಕೆಂಡಿನವರೆಗೆ

ಕಾಡಿನಲ್ಲಿ ಇರಿಸಿದ ಸೆನ್ಸರ್ ನೋಡ್ (ಸುತ್ತಲಿನ ಉಷ್ಣಾಂಶ, ತೇವದಂಥವನ್ನು ಅಳೆದು ರೇಡಿಯೊ ಮೂಲಕ ತಿಳಿಸುವ ಪುಟ್ಟ ಸಾಧನ) ಒಂದು ‘ಇಲ್ಲಿ ಉಷ್ಣಾಂಶ 61 ಡಿಗ್ರಿ’ ಎಂದು ವರದಿ ಮಾಡಿದರೆ, ‘ಇಲ್ಲಿ’ ಎಂದರೆ ಎಲ್ಲಿ ಎಂಬುದು ತಿಳಿಯದ ಹೊರತು ಬೆಂಕಿ ಆರಿಸಲು ಹೊರಟವರಿಗೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ಇಷ್ಟು ಸರಳವಾದ ಪ್ರಶ್ನೆಗೆ ಎರಡೂವರೆ ದಶಕಗಳಲ್ಲಿ ಬಂದಿರುವ ಉತ್ತರಗಳು ಎಷ್ಟೆಂದರೆ, ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗೆ ಎಲ್ಲಿಂದ ಓದಲು ತೊಡಗಬೇಕೆಂಬುದೇ ತೋಚುವುದಿಲ್ಲ.

ಗೊತ್ತಿರುವ ಬಿಂದುಗಳಿಂದ ದೂರ ಅಳೆದು ಗೊತ್ತಿಲ್ಲದ ಬಿಂದುವನ್ನು ಗುರುತಿಸುವ ತತ್ತ್ವ ಹಳೆಯದು. 1995ರಲ್ಲಿ ಪೂರ್ಣ ಪ್ರಮಾಣದಲ್ಲಿ ಸಿದ್ಧವಾದ ಜಿಪಿಎಸ್ ನಿಂತಿರುವುದೂ ಅದರ ಮೇಲೆಯೇ. ಆದರೆ 1990ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಸ್ಮಾರ್ಟ್ ಡಸ್ಟ್’ ಯೋಜನೆ ಧೂಳಿನ ಕಣದಷ್ಟು ಚಿಕ್ಕ ಸಾಧನಗಳ ಕನಸನ್ನು ಮುಂದಿಟ್ಟಾಗ, ಒಂದೊಂದು ನೋಡ್‌ಗೂ ಜಿಪಿಎಸ್ ಜೋಡಿಸಲು ಬೆಲೆಯೂ ಬ್ಯಾಟರಿಯೂ ಒಪ್ಪುವಂತಿರಲಿಲ್ಲ. ಹಾಗಾಗಿ ಕೆಲವೇ ನೋಡ್‌ಗಳಿಗೆ ಸ್ಥಾನ ತಿಳಿದಿರಲಿ, ಉಳಿದವು ಅವುಗಳನ್ನು ನೋಡಿ ಲೆಕ್ಕ ಹಾಕಿಕೊಳ್ಳಲಿ ಎಂಬ ಮಾರ್ಗ ಹುಟ್ಟಿತು. ಸ್ಥಾನ ತಿಳಿದಿರುವ ನೋಡ್‌ಗಳಿಗೆ ಆಂಕರ್ ಎಂದು ಹೆಸರು.

2000ದಿಂದ ಮುಂದಿನ ನಾಲ್ಕೈದು ವರ್ಷಗಳು ಈ ಕಥೆಯ ಸುಗ್ಗಿಕಾಲ. ಬುಲುಸು, ಹೈಡೆಮನ್ ಮತ್ತು ಎಸ್ಟ್ರಿನ್ ಎಂಬ ಸಂಶೋಧಕರು 2000ದಲ್ಲಿ ಸೂಚಿಸಿದ ವಿಧಾನದಲ್ಲಿ, ನೋಡ್ ತನಗೆ ಕೇಳಿಸುವ ಆಂಕರ್‌ಗಳ ನಟ್ಟನಡುವೆ ತಾನಿದ್ದೇನೆಂದು ಭಾವಿಸಿಕೊಳ್ಳುತ್ತದೆ. 2001ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ನಿಕುಲೆಸ್ಕು ಮತ್ತು ನಾಥ್ ಮಂಡಿಸಿದ ಡಿವಿ-ಹಾಪ್ ವಿಧಾನ ನಮ್ಮ ಹಳ್ಳಿಗಳ ‘ಕೂಗಳತೆ’ಯ ಲೆಕ್ಕವನ್ನು ನೆನಪಿಸುತ್ತದೆ. ಪರಸ್ಪರ 120 ಮೀಟರ್ ದೂರದ ಎರಡು ಆಂಕರ್‌ಗಳ ನಡುವೆ ಸಂದೇಶ ನೋಡ್‌ನಿಂದ ನೋಡ್‌ಗೆ ಆರು ಜಿಗಿತಗಳಲ್ಲಿ ಸಾಗಿದರೆ ಒಂದು ಜಿಗಿತಕ್ಕೆ ಸರಾಸರಿ 20 ಮೀಟರ್. ಆಂಕರ್‌ನಿಂದ ಮೂರು ಜಿಗಿತ ಆಚೆಗಿರುವ ನೋಡ್ ತಾನು ಅದರಿಂದ 60 ಮೀಟರ್ ದೂರದಲ್ಲಿದ್ದೇನೆಂದು ತಿಳಿಯುತ್ತದೆ. ನಡುವೆ ಕೆರೆಯೊಂದಿದ್ದು ಸಂದೇಶ ದಡ ಸುತ್ತಿ ಬಂದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಅದೇ ಕಾಲದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ‘ಕ್ರಿಕೆಟ್’ ಎಂಬ ವ್ಯವಸ್ಥೆ ರೇಡಿಯೊ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಒಟ್ಟಿಗೆ ಕಳುಹಿಸಿ, ತಲುಪುವ ವೇಳೆಯ ಅಂತರದಿಂದ ದೂರ ಅಳೆಯಿತು. ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಂಡು, ಕಲ್ಲಿಗೆ ಬಡಿದ ಸದ್ದು ತಡವಾಗಿ ಕೇಳಿಸುವುದೂ ಇದೇ ಕಾರಣಕ್ಕೆ.

ಹೆಚ್ಚುವರಿ ಯಂತ್ರಾಂಶ ಬೇಡದ ಕಾರಣ ಎಲ್ಲರಿಗೂ ಪ್ರಿಯವಾದದ್ದು ಸಿಗ್ನಲ್‌ನ ಬಲದಿಂದ ದೂರ ಊಹಿಸುವ ಆರ್‌ಎಸ್‌ಎಸ್‌ಐ. ಇಲ್ಲಿ ಆರು ಡೆಸಿಬಲ್‌ನಷ್ಟು ಬಲ ಕಡಿಮೆಯಾಗಿ ಕಂಡರೆ (ನಡುವೆ ಒಬ್ಬರು ಬಂದು ನಿಂತರೂ ಸಾಕು) ಸಾಮಾನ್ಯ ಸೂತ್ರದ ಪ್ರಕಾರ 20 ಮೀಟರ್ ದೂರ ಸುಮಾರು 32 ಮೀಟರ್ ಆಗಿಬಿಡುತ್ತದೆ. ಆದರೂ ರೇಡಿಯೊ ವ್ಯಾಪ್ತಿಯನ್ನು ಕೈವಾರದಲ್ಲಿ ಎಳೆದ ವೃತ್ತವೆಂದೇ ಭಾವಿಸಿ, ನೋಡ್‌ಗಳನ್ನು ವಿಮಾನದಿಂದ ಚೆಲ್ಲಲಾಗಿದೆಯೆಂದು ಕಲ್ಪಿಸಿ, ಸಿಮ್ಯುಲೇಷನ್‌ನಲ್ಲೇ ಗೆದ್ದ ಅಲ್ಗಾರಿದಮ್‌ಗಳು ವರ್ಷ ವರ್ಷವೂ ಪ್ರಕಟವಾಗುತ್ತ ಹೋದವು.

ಹೊಲದ ಅನುಭವವೇ ಬೇರೆ. 2002ರಲ್ಲಿ ಅಮೆರಿಕದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಬಿಲಗಳೊಳಗೆ ನೋಡ್‌ಗಳನ್ನಿಟ್ಟದ್ದು ಸಂಶೋಧಕರ ಕೈಗಳೇ. ಕೆಲವೇ ವರ್ಷಗಳ ಬಳಿಕ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಜತೆಗೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ರೈತರಿಗಾಗಿ ಇಂಥದೊಂದು ಜಾಲವನ್ನು ರೂಪಿಸಿದವು. ಮಣ್ಣಿನ ತೇವ ಅಳೆಯುವ ಸಾಧನವನ್ನು ಯಾರಾದರೂ ಗುಂಡಿ ತೋಡಿ ಹೂಳಲೇಬೇಕು; ಹೂಳಿದವರಿಗೆ ಅದು ಎಲ್ಲಿದೆಯೆಂದು ಗೊತ್ತೇ ಇರುತ್ತದೆ.

ಚಲಿಸುವ ವಸ್ತುಗಳಿಗೆ ಮಾತ್ರ ಆ ಸೌಕರ್ಯವಿಲ್ಲ. ಅಲ್ಲಿ ಈಗ ಅತಿ ಕಿರು ರೇಡಿಯೊ ಮಿಡಿತಗಳನ್ನು ಬಳಸುವ ಅಲ್ಟ್ರಾ ವೈಡ್‌ಬ್ಯಾಂಡ್ ತಂತ್ರಜ್ಞಾನ ನೆಲೆಯೂರಿದೆ: ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡಿನಲ್ಲಿ ಕ್ರಮಿಸುವುದು ಸುಮಾರು 30 ಸೆಂಟಿಮೀಟರ್, ಕಾಲವನ್ನು ಅಷ್ಟು ಸೂಕ್ಷ್ಮವಾಗಿ ಅಳೆದರೆ ದೂರವೂ ಸಿಕ್ಕಂತೆಯೇ. ಆದರೆ ನೇರ ದಾರಿಗೆ ಕಬ್ಬಿಣದ ಬೀರು ಅಡ್ಡ ಬಂದು, ಗೋಡೆಗೆ ತಾಗಿ ತಿರುಗಿದ ತರಂಗವಷ್ಟೇ ತಲುಪಿದರೆ, ಅಳತೆ ಇರುವುದಕ್ಕಿಂತ ದೂರವನ್ನೇ ತೋರಿಸುತ್ತದೆ.